ಟೈಮ್ ಇಲ್ಲದವರು ದಿನಾ ಬರೆಯುವುದು ಹೇಗೆ? ಕೊಡಗಿನ ಮಳೆ, ಕೊಯ್ಲು, ಕರೆಂಟಿನ ನಡುವೆ ಒಂದು ದಾರಿ

"ದಿನಾ ಬರೀಬೇಕು ಅಂತ ಆಸೆ ಇದೆ, ಆದರೆ ಟೈಮ್ ಎಲ್ಲಿದೆ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಬೇರೆ ಬೇರೆ. ಸಿದ್ದಾಪುರದ ಕಡೆ ಕಾಫಿ ತೋಟ ನೋಡಿಕೊಳ್ಳುವವರು, ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವವರು, ನಾಪೋಕ್ಲಿನಿಂದ ದಿನಾ ಬಸ್ಸು ಹಿಡಿಯುವ ಟೀಚರ್, ಶನಿವಾರಸಂತೆಯಲ್ಲಿ ಅಂಗಡಿ ಇಟ್ಟುಕೊಂಡವರು. ಎಲ್ಲರೂ ಫೋನಿನಲ್ಲೇ ಯಾವುದೋ ಒಂದು ಬರೆಯುವವರ ಬಳಗಕ್ಕೆ ಸೇರಿಕೊಂಡಿದ್ದಾರೆ. ತಮ್ಮದೊಂದು ಪುಟ್ಟ ಬರಹ ಹಾಕುವುದು, ಬೇರೆಯವರದ್ದು ಓದುವುದು, ನಾಲ್ಕು ಮಾತಾಡುವುದು. ಮೊದಲ ವಾರ ಹುರುಪಿರುತ್ತದೆ. ಮೂರನೇ ವಾರಕ್ಕೆ ಸದ್ದಿಲ್ಲ. ಆಮೇಲೆ ಸಂಕೋಚ ಶುರುವಾಗುತ್ತದೆ, ಇಷ್ಟು ದಿನ ಬಿಟ್ಟು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ.

ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಐದು ವಾಕ್ಯ ಬರೆದು, ಇಬ್ಬರದ್ದು ಓದಿ, ಒಬ್ಬರಿಗೆ ಸರಿಯಾಗಿ ಉತ್ತರ ಕೊಟ್ಟರೆ ಆ ದಿನದ್ದು ಮುಗಿಯಿತು ಎಂದು ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷ ಸಾಕು. ಆ ಇಪ್ಪತ್ತೂ ಒಟ್ಟಿಗೆ ಸಿಗಬೇಕು ಎಂದಿಲ್ಲ.

ಬೇಕಾಗುವ ಸಾಮಾನು ಕಡಿಮೆ. ಕನ್ನಡ ಕೀಬೋರ್ಡ್ ಹಾಕಿದ ಫೋನ್. ನೆಟ್ ಇಲ್ಲದಿದ್ದರೂ ಬರೆದಿಡಲು ಆಗುವ ಒಂದು ನೋಟ್ಸ್ ಆ್ಯಪ್. ಜೇಬಿನಲ್ಲಿ ಹಿಡಿಯುವ ಪುಟ್ಟ ಪುಸ್ತಕ ಮತ್ತು ಒಂದು ಪೆನ್ಸಿಲ್. ಪೆನ್ನು ಬೇಡ, ಮಳೆಹನಿ ಬಿದ್ದರೆ ಶಾಯಿ ಕದಡುತ್ತದೆ. ಮಳೆಗಾಲಕ್ಕೆ ಒಂದು ಪವರ್ ಬ್ಯಾಂಕ್. ಇಷ್ಟೇ.

1. ಮೊದಲು ಅಳತೆ ಗೊತ್ತುಮಾಡಿ

ನಮ್ಮ ತೋಟಗಳಲ್ಲಿ ಹಾಜರಿ ಬರೆಯುವವರನ್ನು ರೈಟರ್ ಎಂದೇ ಕರೆಯುತ್ತೇವೆ. ರೈಟರ್ ದಿನಾ ಬರೆಯುತ್ತಾರೆ. ಯಾರು ಬಂದರು, ಯಾವ ಕೆಲಸಕ್ಕೆ ಹೋದರು, ಎಷ್ಟು ಹಣ್ಣು ಕೊಯ್ದರು. ಅವರಿಗೆ ಇವತ್ತು ಎಷ್ಟು ಬರೆಯಬೇಕು ಎನ್ನುವ ಗೊಂದಲವೇ ಇಲ್ಲ. ಪುಸ್ತಕದಲ್ಲಿ ಗೆರೆ ಮೊದಲೇ ಹಾಕಿರುತ್ತದೆ, ತುಂಬಿದರೆ ಆಯಿತು.

ನಿಮಗೂ ಅಂಥ ಗೆರೆ ಬೇಕು. ಐದು ವಾಕ್ಯ ಎಂದು ನಾನು ಹೇಳುತ್ತೇನೆ. ಜ್ವರ ಬಂದ ದಿನ, ಮನೆಗೆ ನೆಂಟರು ಬಂದ ದಿನ, ಕೊಯ್ಲಿಗೆ ಆಳು ಸಾಲದೆ ನೀವೇ ಗಿಡದ ಕೆಳಗೆ ನಿಂತ ದಿನ ಕೂಡ ಐದು ವಾಕ್ಯ ಆಗುತ್ತದೆ. ನಿಮ್ಮ ಅತಿ ಕಷ್ಟದ ದಿನಕ್ಕೆ ಎಷ್ಟು ಸಾಧ್ಯವೋ ಅದೇ ನಿಮ್ಮ ಅಳತೆ.

ಇಲ್ಲಿ ಹೆಚ್ಚಿನವರು ಎಡವುವುದು ಮೊದಲ ದಿನವೇ. ಖುಷಿಯಲ್ಲಿ ಎರಡು ಪುಟ ಬರೆದು ಹಾಕುತ್ತಾರೆ. ಮರುದಿನ ಅದಕ್ಕಿಂತ ಕಡಿಮೆ ಬರೆಯಲು ಮನಸ್ಸು ಒಪ್ಪುವುದಿಲ್ಲ. ಮೂರನೇ ದಿನ ಟೈಮ್ ಇರುವುದಿಲ್ಲ. ಜಾಸ್ತಿ ಬರೆಯುವ ಹುಮ್ಮಸ್ಸು ಬಂದರೆ ಬರೆಯಿರಿ, ಆದರೆ ಐದು ವಾಕ್ಯ ಮಾತ್ರ ಹಾಕಿ. ಉಳಿದದ್ದನ್ನು ಎತ್ತಿಡಿ. ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಆರನೇ ಹಂತದಲ್ಲಿ ಹೇಳುತ್ತೇನೆ.

2. ಈಗಾಗಲೇ ಮಾಡುತ್ತಿರುವ ಒಂದು ಕೆಲಸಕ್ಕೆ ಕಟ್ಟಿಹಾಕಿ

ಟೈಮ್ ಹುಡುಕಿದರೆ ಸಿಗುವುದಿಲ್ಲ. ದಿನಾ ತಪ್ಪದೆ ಮಾಡುವ ಒಂದು ಕೆಲಸದ ಹಿಂದೆ ಬರವಣಿಗೆಯನ್ನು ಕಟ್ಟಬೇಕು.

ತೋಟದವರಿಗೆ ಇದು ಸುಲಭ. ಮಳೆ ಮಾಪಕ ಇರುವ ಮನೆಗಳಲ್ಲಿ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿಡುವ ರೂಢಿ ಇದೆ. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ಇಂಚು, ಸೆಂಟ್ ಬರೆದ ಕೈಯಲ್ಲೇ ಇನ್ನೆರಡು ಸಾಲು ಬರೆಯಿರಿ. (ಹೊರಗಿನ ಓದುಗರಿಗೆ: ಇಲ್ಲಿ ಸೆಂಟ್ ಅಂದರೆ ಒಂದು ಇಂಚಿನ ನೂರನೇ ಒಂದು ಭಾಗ. ಒಂದು ಇಂಚು ಮಳೆ ಅಂದರೆ 25.4 ಮಿಲಿಮೀಟರ್.) ಹೋಂಸ್ಟೇಯವರಿಗೆ ಅತಿಥಿಗಳ ತಿಂಡಿ ಮುಗಿದು ಅವರು ಅಬ್ಬಿ ಫಾಲ್ಸ್ ಕಡೆಗೋ ತಲಕಾವೇರಿ ಕಡೆಗೋ ಹೊರಟ ಮೇಲಿನ ಹತ್ತು ನಿಮಿಷ ಒಳ್ಳೆಯದು. ಬಸ್ಸಿನವರಿಗೆ ಬಸ್ಸು. ಅಂಗಡಿಯವರಿಗೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕಕ್ಕೆ ಕಾಯುವ ಹೊತ್ತೂ ಆಗುತ್ತದೆ.

"ರಾತ್ರಿ ಎಲ್ಲಾ ಕೆಲಸ ಮುಗಿದ ಮೇಲೆ" ಎಂದು ಮಾತ್ರ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಎಲ್ಲಾ ಕೆಲಸ ಮುಗಿಯುವುದು ಅಂತ ಇಲ್ಲ. ಅಡುಗೆಮನೆ ನೋಡಿಕೊಳ್ಳುವ ಹೆಂಗಸರಿಗಂತೂ ಈ ಹೊತ್ತು ಖಂಡಿತ ಬೇಡ, ಅಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತದೆ. ಹಾಲು ಕಾಯುವಾಗ ನಿಂತುಕೊಂಡು ಎರಡು ಸಾಲು, ಬಟ್ಟೆ ಒಣಗಿಸಿ ಬಂದು ಮೂರು ಸಾಲು. ಹೀಗೆ ತುಂಡು ತುಂಡಾಗಿಯೇ ಬರೆಯಿರಿ. ಜೋಡಿಸಲು ಎರಡು ನಿಮಿಷ ಸಾಕು.

3. ಕನ್ನಡ ಟೈಪಿಂಗನ್ನು ಒಮ್ಮೆ ಕೂತು ಸರಿಮಾಡಿಕೊಳ್ಳಿ

ಬರೆಯಲು ಟೈಮ್ ಇಲ್ಲ ಎನ್ನುವವರ ಪಕ್ಕ ಕೂತು ನೋಡಿದ್ದೇನೆ. ಟೈಮ್ ಹೋಗುವುದು ಬರೆಯುವುದರಲ್ಲಿ ಅಲ್ಲ, ಅಕ್ಷರ ಹುಡುಕುವುದರಲ್ಲಿ. ಒಂದು ಭಾನುವಾರ ಅರ್ಧ ಗಂಟೆ ಇದಕ್ಕೆ ಕೊಡಿ.

ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಇದ್ದರೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳಲ್ಲಿ ಕನ್ನಡ ಸೇರಿಸಿ. ಎರಡು ಮುಖ್ಯ ಬಗೆ ಕಾಣುತ್ತವೆ. ಒಂದು, ಕನ್ನಡ ಅಕ್ಷರಗಳನ್ನೇ ಒತ್ತುವುದು. ಇನ್ನೊಂದು, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ಕನ್ನಡವಾಗುವುದು. ಇದಕ್ಕೆ ಲಿಪ್ಯಂತರ ಎನ್ನುತ್ತಾರೆ. ಇಂಗ್ಲಿಷ್ ಕೀಬೋರ್ಡ್ ಅಭ್ಯಾಸ ಇದ್ದವರಿಗೆ ಎರಡನೆಯದು ಬೇಗ ಕೈಗೆ ಹತ್ತುತ್ತದೆ. ಯಾವುದಾದರೂ ಒಂದನ್ನು ಆರಿಸಿ ಒಂದು ತಿಂಗಳು ಅದರಲ್ಲೇ ಇರಿ. ದಿನಕ್ಕೊಂದು ಬದಲಾಯಿಸಿದರೆ ಬೆರಳು ಯಾವುದನ್ನೂ ಕಲಿಯುವುದಿಲ್ಲ.

ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರವಾಗುವ ಸೌಲಭ್ಯವೂ ಇದೆ. ತೋಟದಲ್ಲಿ ನಡೆಯುವಾಗ ಇದು ದೊಡ್ಡ ಸಹಾಯ. ಆದರೆ ಎರಡು ಎಚ್ಚರ. ನಮ್ಮ ಊರಿನ ಮಾತು ಅದಕ್ಕೆ ತಿಳಿಯುವುದಿಲ್ಲ. ಕಡಂಬುಟ್ಟು, ನೂಪುಟ್ಟು, ಬೈಂಬಳೆ ಎಂದು ನಮ್ಮ ಅಡುಗೆಗಳ ಹೆಸರು ಹೇಳಿದರೆ ಇನ್ನೇನೋ ಬರೆದು ಕೂರಿಸುತ್ತದೆ. ಇಲ್ಲಿನ ಇನ್ನೊಂದು ಮನೆಮಾತಾದ ಅರೆಭಾಷೆಯವರಿಗೂ ಇದೇ ಪಾಡು. ಅಂಥ ಪದಗಳನ್ನು ಕೀಬೋರ್ಡಿನ ಡಿಕ್ಷನರಿಯೊಳಗೆ ಪರ್ಸನಲ್ ಡಿಕ್ಷನರಿ ಎಂದಿರುವ ಕಡೆ ಒಮ್ಮೆ ಸೇರಿಸಿಡಿ. ಟೈಪ್ ಮಾಡುವಾಗ ತಾನೇ ಎದುರಿಗೆ ಬರುತ್ತವೆ. ನಿಮ್ಮ ಮನೆಮಾತಿನ ಪದ ಕೀಬೋರ್ಡಿಗೆ ಗೊತ್ತಿಲ್ಲ ಎಂದು ಅದನ್ನು ಬಿಟ್ಟು ಬೇರೆ ಪದ ಹಾಕಬೇಡಿ. ಆ ಪದಕ್ಕಾಗಿಯೇ ನಿಮ್ಮ ಬರಹ ಓದುವವರಿದ್ದಾರೆ. ಎರಡನೆಯದು, ಮಾತಿನಲ್ಲಿ ಬರೆದದ್ದನ್ನು ಒಮ್ಮೆ ಓದದೆ ಕಳಿಸಬೇಡಿ. ಪೂರ್ಣವಿರಾಮ ಇಲ್ಲದೆ ಹತ್ತು ವಾಕ್ಯ ಒಂದೇ ಆಗಿರುತ್ತದೆ.

ಹಳೆಯ ಕಂಪ್ಯೂಟರಿನಲ್ಲಿ 'ನುಡಿ' ಅಥವಾ 'ಬರಹ' ಎಂಬ ಸಾಫ್ಟ್‌ವೇರಿನಲ್ಲಿ ಬರೆದಿಟ್ಟವರು ಇನ್ನೊಂದು ಗಮನಿಸಿ. ಅದನ್ನು ಫೋನಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು. ಬರಹ ಹಾಳಾಗಿಲ್ಲ, ಹೆದರಬೇಡಿ. ಅದು ಹಳೆಯ ಫಾಂಟಿನ ಅಕ್ಷರ, ಫೋನು ಓದುವುದು ಯುನಿಕೋಡ್. ಯುನಿಕೋಡ್ ಅಂದರೆ ಜಗತ್ತಿನ ಬಹುತೇಕ ಎಲ್ಲಾ ಲಿಪಿಗಳ ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆ ಕೊಟ್ಟ ಪದ್ಧತಿ. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಒಮ್ಮೆ ಬದಲಿಸಿಟ್ಟರೆ ಹಳೆಯ ಬರಹಗಳೂ ನಿಮ್ಮ ದಾಸ್ತಾನಿಗೆ ಬರುತ್ತವೆ.

4. ಏನು ಬರೆಯುವುದು? ಚೀಟಿಯಿಂದ ಶುರುಮಾಡಿ

ಖಾಲಿ ಪರದೆ ಎದುರು ಕೂತು ವಿಷಯ ಯೋಚಿಸಿದರೆ ಆ ಹತ್ತು ನಿಮಿಷ ಅಲ್ಲಿಗೇ ಮುಗಿಯುತ್ತದೆ. ಬರೆಯಲು ಕೂರುವ ಮೊದಲೇ ವಿಷಯ ಕೈಯಲ್ಲಿರಬೇಕು. ಅದಕ್ಕೇ ಜೇಬಿನ ಪುಸ್ತಕ. ಕಂಡದ್ದನ್ನು ಕಂಡಲ್ಲೇ ಒಂದು ಸಾಲು ಗೀಚಿಡಿ. ವಾಕ್ಯ ಪೂರ್ತಿ ಆಗಬೇಕಿಲ್ಲ.

ಒಂದು ಉದಾಹರಣೆ ತೋರಿಸುತ್ತೇನೆ. ಮಾರ್ಚ್ ತಿಂಗಳಿನ ಒಂದು ಚೀಟಿ:

*ರಾತ್ರಿ ಮಳೆ. 1 ಇಂಚು 20 ಸೆಂಟ್. ಮೊಗ್ಗಿನ ಮೇಲೆ ನೀರು. ಅಮ್ಮ, ಬೆರಳು.*

ಇದರಿಂದ ಬಂದ ಐದು ವಾಕ್ಯ:

*ನಿನ್ನೆ ರಾತ್ರಿ ಹೂಮಳೆ ಬಂತು. ಬೆಳಿಗ್ಗೆ ಮಾಪಕ ನೋಡಿದರೆ ಒಂದು ಇಂಚು ಇಪ್ಪತ್ತು ಸೆಂಟ್. ತೋಟಕ್ಕಿಳಿದರೆ ಮೊಗ್ಗುಗಳ ಮೇಲೆ ಇನ್ನೂ ಹನಿ ನಿಂತಿತ್ತು. ವಾಪಸ್ ಬರುವಾಗ ಅಮ್ಮ ಬಾಗಿಲಲ್ಲೇ ನಿಂತು "ಎಷ್ಟು?" ಎಂದು ಕೇಳಿದರು. ಹೇಳಿದೆ, ಅವರು ಬೆರಳು ಮಡಚಿ ದಿನ ಎಣಿಸತೊಡಗಿದರು.*

ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಅಮ್ಮ ಎಣಿಸಿದ್ದು ಅದನ್ನೇ. ಕಾಫಿ ಬೆಳೆಯುವವರಿಗೆ ಹೇಳದೆಯೂ ತಿಳಿಯುತ್ತದೆ. ಹೊರಗಿನವರು ಕೇಳುತ್ತಾರೆ, ಕೇಳಲಿ. ಆ ಪ್ರಶ್ನೆಯೇ ನಾಳೆಯ ಬರಹ. ಹೂ ಅರಳಿದ ಮೇಲೆ ಅದರ ಮಲ್ಲಿಗೆಯಂಥ ಪರಿಮಳ ಇದೆ, ಜೇನುನೊಣ ಇದೆ, ಹೂ ಕಟ್ಟಿದ ಮೇಲೆ ಬೇಕಾಗುವ ಎರಡನೇ ಮಳೆಗೆ ಆಕಾಶ ನೋಡುವುದು ಇದೆ. ಒಂದು ಮಳೆಯಿಂದ ಎರಡು ವಾರ ಬರೆಯಬಹುದು.

ಇಲ್ಲಿ ಬಹಳ ಜನ ಮಾಡುವ ತಪ್ಪು ಏನೆಂದರೆ, ಇದಕ್ಕೆ ಮುಂದೊಂದು ಹಿಂದೊಂದು ಅಲಂಕಾರ ಸೇರಿಸುವುದು. "ಮಳೆ ಎಂಬುದು ಪ್ರಕೃತಿಯ ಅಮೂಲ್ಯ ಕೊಡುಗೆ" ಎಂದು ಶುರುಮಾಡುತ್ತಾರೆ. ಅದನ್ನು ಯಾರು ಬೇಕಾದರೂ ಬರೆಯಬಹುದು. ನಿಮ್ಮ ಅಮ್ಮನ ಬೆರಳನ್ನು ನೀವೊಬ್ಬರೇ ಬರೆಯಬಲ್ಲಿರಿ. ನನಗೆ ತಿಳಿದ ಮಟ್ಟಿಗೆ ದಿನಾ ಬರೆಯುವವರನ್ನು ಕಾಪಾಡುವುದು ಇದೇ. ಕಂಡದ್ದನ್ನು ಕಂಡಷ್ಟೇ ಬರೆಯುವವರಿಗೆ ವಿಷಯ ಖಾಲಿಯಾಗುವುದಿಲ್ಲ.

ಒಂದು ಎಚ್ಚರಿಕೆ. ತೋಟದಲ್ಲಿ ಕೆಲಸ ಮಾಡುವವರ ಬಗ್ಗೆ, ಮನೆಗೆ ಬಂದ ಅತಿಥಿಗಳ ಬಗ್ಗೆ ಬರೆಯುವಾಗ ಅವರ ಹೆಸರು, ಫೋಟೋ ಕೇಳದೆ ಹಾಕಬೇಡಿ. ನಿಮಗೆ ಅದು ಐದು ವಾಕ್ಯ, ಅವರಿಗೆ ಅವರ ಬದುಕು.

5. ಓದಿ, ಒಬ್ಬರಿಗಾದರೂ ಸರಿಯಾಗಿ ಉತ್ತರಿಸಿ

ಬಳಗದಲ್ಲಿ ಉಳಿಯುವುದು ಬರೆಯುವುದರಿಂದ ಅರ್ಧ, ಉತ್ತರಿಸುವುದರಿಂದ ಅರ್ಧ. ಮುಯ್ಯಾಳು ಪದ್ಧತಿ ಗೊತ್ತಿರಬೇಕಲ್ವಾ? ನಾಟಿಗೆ ನೀವು ಅವರ ಗದ್ದೆಗೆ ಇಳಿದರೆ ಅವರು ನಿಮ್ಮ ಗದ್ದೆಗೆ ಇಳಿಯುತ್ತಾರೆ. ಇಲ್ಲೂ ಹಾಗೇ. ತಮ್ಮದನ್ನು ಮಾತ್ರ ಹಾಕಿ ಹೋಗುವವರ ಬರಹವನ್ನು ಕೆಲವು ದಿನ ಓದುತ್ತಾರೆ, ಆಮೇಲೆ ಓದುವುದಿಲ್ಲ. ಯಾರೂ ಓದದಿದ್ದರೆ ನಿಮಗೂ ಬರೆಯಲು ಮನಸ್ಸು ಬರುವುದಿಲ್ಲ.

ಎಲ್ಲರದ್ದೂ ಓದಲು ಹೋಗಬೇಡಿ. ನೂರು ಜನರಿರುವ ಬಳಗದಲ್ಲಿ ಅದು ಆಗದ ಮಾತು. ದಿನಕ್ಕೆ ಇಬ್ಬರದ್ದು ಪೂರ್ತಿ ಓದಿ. ಒಬ್ಬರಿಗೆ ಬರೆಯಿರಿ. "ಸೂಪರ್", "ಚೆನ್ನಾಗಿದೆ", ಕೈಮುಗಿದ ಚಿತ್ರ, ಇವು ತಪ್ಪಲ್ಲ, ಆದರೆ ಬರೆದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಮನಸ್ಸಿಗೆ ನಾಟಿದ ಒಂದು ಸಾಲು ಯಾವುದೆಂದು ಹೇಳಿ. ನಿಮ್ಮ ಕಡೆಯದ್ದು ಒಂದು ಸೇರಿಸಿ. ಒಂದು ಪ್ರಶ್ನೆ ಕೇಳಿ. ಮೇಲಿನ ಹೂಮಳೆ ಬರಹಕ್ಕೆ ಉತ್ತರ ಹೀಗಿರಬಹುದು:

*"ಅಮ್ಮ ಬೆರಳು ಮಡಚಿದ್ದು ಓದಿ ನಮ್ಮ ಅಜ್ಜಿ ನೆನಪಾದರು, ಅವರೂ ಹೀಗೇ ಎಣಿಸುತ್ತಿದ್ದರು. ನಮ್ಮಲ್ಲಿ ಇನ್ನೂ ಮಳೆ ಇಲ್ಲ, ಸ್ಪ್ರಿಂಕ್ಲರ್ ಹಾಕುತ್ತಿದ್ದೇವೆ. ನಿಮ್ಮದು ರೊಬಸ್ಟಾ ಕಾಫಿ ತೋಟವಾ?"*

ಮೂರು ವಾಕ್ಯ. ಎರಡು ನಿಮಿಷ. ಇದನ್ನು ಬರೆದವರು ಯಾರೆಂದು ಅವರು ಮರೆಯುವುದಿಲ್ಲ.

ಹೊಸಬರಿಗೆ ಮೊದಲು ಉತ್ತರಿಸಿ. ಹಳಬರಿಗೆ ಹೇಗೂ ಹತ್ತು ಉತ್ತರ ಬಂದಿರುತ್ತದೆ. ಮೊದಲ ಸಲ ಬರೆದು ಹಾಕಿದವರು ಪದೇ ಪದೇ ಫೋನ್ ನೋಡುತ್ತಾ ಕೂತಿರುತ್ತಾರೆ.

ಬೆಳಗಿನ ಹೂವಿನ ಚಿತ್ರ, ಎಲ್ಲಿಂದಲೋ ಬಂದ ಫಾರ್ವರ್ಡ್, ಇವನ್ನು ಕಳಿಸಿ ಇವತ್ತಿನದ್ದು ಆಯಿತು ಎಂದುಕೊಳ್ಳಬೇಡಿ. ಇನ್ನೊಂದು, ಓದಲು ಹೋಗಿ ಫೋನಿನಲ್ಲೇ ಮುಳುಗುವುದು. ನನ್ನ ಅನುಭವದಲ್ಲಿ ಬರೆಯುವ ಮೊದಲು ಓದಲು ಕೂತರೆ ಆ ದಿನ ಬರೆಯುವುದಿಲ್ಲ. ಮೊದಲು ಐದು ವಾಕ್ಯ, ಆಮೇಲೆ ಓದು.

6. ಕಾಲಕ್ಕೆ ತಕ್ಕ ಹಾಗೆ ದಾಸ್ತಾನು ಮಾಡಿ

ಬೇರೆ ಊರಿನವರು ಬರೆದ ಸಲಹೆಗಳು ನಮಗೆ ಹೊಂದದಿರಲು ಕಾರಣವೇ ಇದು. ಅವರ ಲೆಕ್ಕ ಗಡಿಯಾರದ್ದು, ನಮ್ಮದು ಕಾಲದ್ದು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೈಮ್ ಇರುತ್ತದೆ, ಕರೆಂಟ್ ಇರುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕರೆಂಟ್ ಇರುತ್ತದೆ, ಅರೇಬಿಕಾ ಕಾಫಿಯ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಕೊಯ್ಲು, ಕಣದಲ್ಲಿ ಒಣಗಿಸುವುದು, ಉಸಿರಾಡಲು ಟೈಮ್ ಇರುವುದಿಲ್ಲ. ನಡುವೆ ಕೈಲ್‌ಪೊಳ್ದ್, ತುಲಾ ಸಂಕ್ರಮಣ, ಹುತ್ತರಿ ಹಬ್ಬಗಳು. ಮನೆ ತುಂಬಾ ಜನ.

ಮಳೆ ಹಿಡಿಯುವ ಮೊದಲು ಸೌದೆ ಕಡಿದು ಕೊಟ್ಟಿಗೆ ತುಂಬಿಸುತ್ತೇವಲ್ಲ, ಬರಹವನ್ನೂ ಹಾಗೇ ತುಂಬಿಸಿಡಿ. ಮೇ ತಿಂಗಳಲ್ಲಿ ಇಪ್ಪತ್ತು ಚಿಕ್ಕ ಬರಹ, ನವೆಂಬರ್‌ನಲ್ಲಿ ಇಪ್ಪತ್ತು. ಯಾವತ್ತು ಹಾಕಿದರೂ ಸರಿಹೋಗುವಂಥವು: ಅಜ್ಜಿಯ ಅಡುಗೆ, ಹಳೆಯ ಬಸ್ಸಿನ ನೆನಪು, ಒಂದು ಮರದ ಕಥೆ, ಊರಿನ ಒಂದು ಪದ. ಮೊದಲ ಹಂತದಲ್ಲಿ ಎತ್ತಿಡಿ ಎಂದೆನಲ್ಲ, ಆ ಉಳಿದ ಪುಟಗಳೂ ಇಲ್ಲಿಗೇ. ಕಷ್ಟದ ದಿನ ಅದರಿಂದ ಒಂದನ್ನು ತೆಗೆದು ಹಾಕಿ, ಉಳಿದ ನಿಮಿಷವನ್ನು ಯಾರಿಗಾದರೂ ಉತ್ತರಿಸಲು ಕೊಡಿ. ಇದು ಮೋಸ ಅಲ್ಲ. ಸೌದೆ ನೀವೇ ಕಡಿದದ್ದು.

ಮಳೆಗಾಲದ ಕೆಲವು ಉಪಾಯಗಳು. ನೋಟ್ಸ್ ಆ್ಯಪಿನಲ್ಲಿ ಬರೆಯಿರಿ, ನೇರವಾಗಿ ಬಳಗದಲ್ಲಿ ಬೇಡ. ಗೂಗಲ್ ಕೀಪ್‌ನಂಥವು ನೆಟ್ ಇಲ್ಲದಾಗ ಫೋನಿನಲ್ಲೇ ಇಟ್ಟುಕೊಂಡು ಸಿಗ್ನಲ್ ಬಂದಾಗ ತಾವೇ ಮೇಲಕ್ಕೆ ಕಳಿಸುತ್ತವೆ. ಸಿಗ್ನಲ್ ಸಿಗದ ಕಡೆ ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಟ್ಟರೆ ಬ್ಯಾಟರಿ ಉಳಿಯುತ್ತದೆ. ಟವರ್ ಹುಡುಕುವುದಕ್ಕೇ ಅದು ಚಾರ್ಜ್ ತಿನ್ನುತ್ತದೆ. ಪೇಟೆಗೆ ಹೋದಾಗ ಮೂರು ದಿನದ್ದು ಒಟ್ಟಿಗೆ ಹಾಕಬೇಡಿ, ಒಂದು ಹಾಕಿ. ಒಟ್ಟಿಗೆ ಹಾಕಿದ್ದನ್ನು ಯಾರೂ ಓದುವುದಿಲ್ಲ. ಜೂನ್ ಮೊದಲ ವಾರವೇ ಬಳಗಕ್ಕೆ ಒಂದು ಮಾತು ಹೇಳಿಡಿ: "ನಮ್ಮ ಕಡೆ ಟವರ್ ಹೋದರೆ ನಾಲ್ಕೈದು ದಿನ ಕಾಣುವುದಿಲ್ಲ, ಗಾಬರಿ ಆಗಬೇಡಿ."

ಜೋರು ಮಳೆಯ ದಿನಗಳಲ್ಲಿ ಏನು ಬರೆಯುತ್ತೀರಿ ಎನ್ನುವುದರ ಬಗ್ಗೆ ತುಂಬಾ ಜಾಗ್ರತೆ ಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡವರು ನಾವು. ಅಲ್ಲಿ ಬಿರುಕು ಬಿಟ್ಟಿದೆಯಂತೆ, ಇಲ್ಲಿ ರಸ್ತೆ ಹೋಗಿದೆಯಂತೆ ಎನ್ನುವ ಒಂದು ಸಾಲು ರಾತ್ರಿ ಇಡೀ ಊರಿನ ನಿದ್ದೆ ಕೆಡಿಸುತ್ತದೆ. ಅಂಥ ದಿನ ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಎಲ್ಲಿ, ಯಾವತ್ತು, ಎಷ್ಟು ಗಂಟೆಗೆ ಎನ್ನುವುದು ಇರಲಿ. ಆನೆ ಬಂದ ಸುದ್ದಿಗೂ ಇದೇ ನಿಯಮ. ಗಂಟೆ ಹಾಕದ ಆನೆ ಸುದ್ದಿ ಸುತ್ತಿ ಸುತ್ತಿ ಮರುದಿನವೂ ಬರುತ್ತದೆ, ಶಾಲೆಗೆ ಹೊರಟ ಮಕ್ಕಳನ್ನು ಸುಮ್ನೆ ಮನೆಯಲ್ಲಿ ಕೂರಿಸುತ್ತದೆ.

7. ತಪ್ಪಿಹೋದ ದಿನ

ತಪ್ಪುತ್ತದೆ. ಚೆಕ್‌ರೋಲ್ ನೋಡಿ. (ತೋಟದ ಹಾಜರಿ ಪುಸ್ತಕಕ್ಕೆ ಹಾಗೆನ್ನುತ್ತಾರೆ.) ಬಾರದ ದಿನದ ಮನೆ ಖಾಲಿ ಇರುತ್ತದೆ. ಮರುದಿನ ಬಂದವರಿಗೆ ಆ ದಿನದ್ದು ಮಾತ್ರ ಬರೆಯುತ್ತಾರೆ. ನೀವೂ ಬಾಕಿ ತೀರಿಸಲು ಹೋಗಬೇಡಿ. ನಿನ್ನೆಯದ್ದು ಸೇರಿಸಿ ಇವತ್ತು ಹತ್ತು ವಾಕ್ಯ ಎಂದು ಹೊರಟರೆ ನಾಳೆಗೆ ಹದಿನೈದಾಗುತ್ತದೆ, ಆಮೇಲೆ ಬಿಟ್ಟೇ ಬಿಡುತ್ತೀರಿ.

ತಿಂಗಳುಗಟ್ಟಲೆ ಬಿಟ್ಟು ಹೋದವರು ಕ್ಷಮೆ ಕೇಳುವ ಉದ್ದ ಪತ್ರ ಬರೆಯುವುದನ್ನು ನೋಡಿದ್ದೇನೆ. ಅದು ಬೇಕಿಲ್ಲ. ಅದನ್ನು ಬರೆಯುವ ಸಂಕೋಚದಲ್ಲೇ ಇನ್ನೂ ಹದಿನೈದು ದಿನ ಹೋಗುತ್ತದೆ. ಮೊದಲು ಒಬ್ಬರ ಬರಹಕ್ಕೆ ಮೂರು ವಾಕ್ಯದ ಉತ್ತರ ಬರೆಯಿರಿ. ಮರುದಿನ ಇವತ್ತು ಕಂಡದ್ದನ್ನು ಬರೆಯಿರಿ. ಜನ ನಿಮ್ಮನ್ನು ಕಂಡು ಖುಷಿಪಡುತ್ತಾರೆ, ಲೆಕ್ಕ ಕೇಳುವುದಿಲ್ಲ.

8. ತಿಂಗಳ ಕೊನೆಗೆ ಒಂದು ಕಾಲು ಗಂಟೆ

ಬರೆದದ್ದನ್ನೆಲ್ಲ ಒಂದು ಕಡೆ ಸೇರಿಸಿ ಎರಡನೇ ಪ್ರತಿ ಇಡಿ. ಒಂದು ಮಳೆಗಾಲ ನನ್ನ ಫೋನಿನೊಳಗೆ ನೀರು ಹೋಗಿ ಎರಡು ತಿಂಗಳ ಬರಹ ಹೋಯಿತು. ಬಳಗದಲ್ಲಿ ಹಾಕಿದ್ದು ಸಿಕ್ಕಿತು, ಹಾಕದೆ ಇಟ್ಟದ್ದು ಸಿಗಲಿಲ್ಲ. ಅದರಲ್ಲಿ ಅಪ್ಪ ಹೇಳಿದ ಹಳೆಯ ಗದ್ದೆಗಳ ಹೆಸರಿನ ಪಟ್ಟಿಯೂ ಇತ್ತು. ಅದನ್ನು ಮತ್ತೆ ಕೇಳಿ ಬರೆದುಕೊಳ್ಳಲು ಈಗ ಅಪ್ಪ ಇಲ್ಲ.

ಹಾಗಾಗಿ ಇದನ್ನು ಮಾತ್ರ ಮುಂದೂಡಬೇಡಿ. ತಿಂಗಳ ಬರಹವನ್ನೆಲ್ಲ ನಿಮ್ಮದೇ ಇಮೇಲಿಗೆ ಒಮ್ಮೆ ಕಳಿಸಿಕೊಂಡರೂ ಸಾಕು. ಜೇಬಿನ ಪುಸ್ತಕದ ಪುಟಗಳ ಫೋಟೋ ತೆಗೆದು ಅದರ ಜೊತೆ ಸೇರಿಸಿ. ಬರಹಕ್ಕೆ ಹೆಸರಿಡುವಾಗ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಹಾಕಿ: 2025-03-14 ಹೂಮಳೆ. ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ದಿನಾಂಕದ ಕ್ರಮವೂ ತಾನಾಗಿ ಬರುತ್ತದೆ. ಮುಂದಿನ ವರ್ಷ ಮಾರ್ಚ್‌ನಲ್ಲಿ ಮಳೆಗೆ ಕಾಯುವಾಗ, ಹೋದ ವರ್ಷ ಯಾವತ್ತು ಬಂದಿತ್ತು ಎಂದು ಅಮ್ಮ ಕೇಳಿದರೆ ತೆರೆದು ಓದಿ ಹೇಳಬಹುದು.